ಸ್ಪೇನಿಗೂ ರುಮೇನಿಯಾಕ್ಕೂ ಒಂದೇ ‘ಚೆಂದ’, ನಡುವಿನ ಇಟಲಿಗೆ ಬೇರೆ: ಯಾಕೆ?

ಪ್ರಶ್ನೆ: ನಾನು ಕೆಲವು ಕಾಲದಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಅದರಲ್ಲಿ ಸುಂದರ ಅನ್ನೋದಕ್ಕೆ ‘ಎರ್ಮೋಸೊ’ ಅಂತಾರೆ. ನಮ್ಮ ಟೀಮಿನಲ್ಲಿರುವ ರುಮೇನಿಯಾದವರೊಬ್ಬರು ತಮ್ಮ ಭಾಷೆಯಲ್ಲಿ ಅದು ‘ಫ್ರುಮೋಸ್’, ಎರಡೂ ಮೂಲದಲ್ಲಿ ಒಂದೇ ಪದ ಅಂದರು. ನಂಬೋದಕ್ಕೆ ಕಷ್ಟವಾಯಿತು. ಒಂದೇ ಆಗಿದ್ದರೆ, ನಡುವೆ ಇರುವ ಇಟಲಿಯಲ್ಲಿ ‘ಬೆಲ್ಲೊ’, ಫ್ರಾನ್ಸಿನಲ್ಲಿ ‘ಬೋ’ ಯಾಕೆ? ಪದ ಸ್ಪೇನಿನಿಂದ ರುಮೇನಿಯಾಕ್ಕೆ ಹೋಯಿತಾ? ತೈವಾನಿನ ಹಳೆಯ ಹೆಸರು ಫಾರ್ಮೋಸಾಗೂ ಇದಕ್ಕೂ ಸಂಬಂಧ ಇದೆಯಾ? ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಅನ್ನೋದನ್ನೂ ತಿಳಿಸಿ.

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಎರ್ಮೋಸೊ, ಫ್ರುಮೋಸ್ ಎರಡೂ ಒಂದೇ ತಾಯಿಯ ಮಕ್ಕಳು. ಪೋರ್ಚುಗೀಸಿನ ‘ಫೊರ್ಮೋಸೊ’, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯನ್ ಭಾಷೆಯ ‘ಫೆರ್ಮೋಸೊ’ ಕೂಡ ಅದೇ ಮನೆಯವು. ಫಾರ್ಮೋಸಾ ಅಂತೂ ಹೌದೇ ಹೌದು. ಆದರೆ ಯಾರೂ ಯಾರಿಂದಲೂ ಸಾಲ ತಂದಿಲ್ಲ. ಎಲ್ಲರಿಗೂ ಬಂದಿದ್ದು ಲ್ಯಾಟಿನ್ನಿನ ‘ಫೋರ್ಮೋಸುಸ್’ ಅನ್ನೋ ಪದದಿಂದ. ರುಮೇನಿಯಾಕ್ಕೆ ಇದು ಹೇಗೆ ಹೋಯಿತು ಅಂತ ನೀವು ಕೇಳಿದ್ದೀರಿ. ನಾನಾದರೆ ಇಟಲಿಯಲ್ಲಿ ಇದು ಯಾಕೆ ಹಿಂದೆ ಬಿತ್ತು ಅಂತ ಕೇಳುತ್ತೇನೆ. ಉತ್ತರ ಇರುವುದು ಅಲ್ಲಿ.

ಮೊದಲು ಪದವನ್ನೇ ನೋಡೋಣ. ‘ಫೋರ್ಮ’ ಅಂದರೆ ಆಕಾರ. ‘ಓಸುಸ್’ ಅಂದರೆ ಅದು ಜಾಸ್ತಿ ಇರುವ, ತುಂಬಿರುವ. ಅಂದರೆ ಒಳ್ಳೆಯ ಆಕಾರ ಉಳ್ಳದ್ದು. ನಮಗೆ ಇದು ಹೊಸದೇನಲ್ಲ, ‘ರೂಪ’ ಅಂದರೂ ಆಕಾರವೇ. ಅದರಿಂದಲೇ ರೂಪವಂತ, ರೂಪವತಿ ಬಂದವು. ಲ್ಯಾಟಿನ್ನಿನಲ್ಲಿ ಇದು ಶುರುವಿಗೆ ಕಣ್ಣಿಗೆ ಕಾಣುವ ಮೈಕಟ್ಟಿನ ಮಾತು. ಕವಿ ವರ್ಜಿಲ್ ಕುರುಬರ ಹಾಡುಗಳಲ್ಲಿ ಇದನ್ನು ಮತ್ತೆ ಮತ್ತೆ ಬಳಸುತ್ತಾನೆ. ದಾಫ್ನಿಸ್ ಎಂಬ ದನಗಾಹಿಯ ಸಮಾಧಿಯ ಮೇಲೆ ಬರೆಯುವ ಸಾಲು ಹೀಗಿದೆ: ಚೆಂದದ ಹಿಂಡನ್ನು ಕಾಯುತ್ತಿದ್ದವನು, ತಾನು ಅದಕ್ಕಿಂತ ಚೆಂದ ಇದ್ದವನು. ಹಿಂಡಿಗೂ ಅದೇ ಪದ, ಹುಡುಗನಿಗೂ ಅದೇ ಪದ. ಬೇಸಾಯದ ಮೇಲೆ ಬರೆದ ಕಾವ್ಯದಲ್ಲಿ ಹುಲ್ಲು ಮೇಯುವ ಒಂದು ಕಡಸಿಗೂ ಇದೇ ವಿಶೇಷಣ ಕೊಟ್ಟಿದ್ದಾನೆ.

ಹಾಗಂತ ಇದು ಬರೀ ದನದ ಸಂತೆಯ ಪದ ಅಲ್ಲ. ವರ್ಜಿಲ್‌ಗಿಂತ ಸ್ವಲ್ಪ ಮುಂಚಿನ ಕತುಲ್ಲುಸ್ ಈ ಪದದ ಮೇಲೆ ಜಗಳ ತೆಗೆಯುವ ಒಂದು ಆರು ಸಾಲಿನ ಪದ್ಯವನ್ನೇ ಬರೆದಿದ್ದಾನೆ. ಕ್ವಿಂತಿಯಾ ಎಂಬ ಹೆಂಗಸು ಫೋರ್ಮೋಸ ಅಂತ ಊರೆಲ್ಲ ಹೇಳುತ್ತಿತ್ತು. ಅವನು ಏನಂತಾನೆ ಅಂದರೆ: ಬೆಳ್ಳಗಿದ್ದಾಳೆ, ಒಪ್ಪಿದೆ. ಎತ್ತರ ಇದ್ದಾಳೆ, ನೆಟ್ಟಗಿದ್ದಾಳೆ, ಅದೂ ಒಪ್ಪಿದೆ. ಒಟ್ಟಾರೆ ಫೋರ್ಮೋಸ ಅಂದರೆ ಮಾತ್ರ ಒಪ್ಪಲ್ಲ, ಅಷ್ಟು ದೊಡ್ಡ ಮೈಯಲ್ಲಿ ಒಂದು ಹರಳು ಉಪ್ಪಿಲ್ಲ. ಫೋರ್ಮೋಸ ಅಂದರೆ ಲೆಸ್ಬಿಯಾ! ಅವನ ಪ್ರೇಯಸಿ, ಬಿಡಿ. ಸಂಸ್ಕೃತದ ‘ಲಾವಣ್ಯ’ ಹುಟ್ಟಿದ್ದೂ ‘ಲವಣ’ದಿಂದ ಅನ್ನೋದು ಗೊತ್ತಿದ್ದವರಿಗೆ ಈ ಪದ್ಯದ ಉಪ್ಪು ಇನ್ನೂ ಚೆನ್ನಾಗಿ ಹಿಡಿಸುತ್ತದೆ.

ಆ ಕಾಲದ ಲ್ಯಾಟಿನ್ನಿನಲ್ಲಿ ಸುಂದರಕ್ಕೆ ಮೂರು ಮುಖ್ಯ ಪದಗಳಿದ್ದವು. ‘ಪುಲ್ಕೆರ್’ ಗಂಭೀರ ಪದ. ದೇವತೆಗಳಿಗೆ, ವೀರರಿಗೆ, ದೊಡ್ಡ ಕೆಲಸಗಳಿಗೆ ಅದು. ‘ಫೋರ್ಮೋಸುಸ್’ ಮೈಮಾಟದ ಪದ. ಮೂರನೆಯದು ‘ಬೆಲ್ಲುಸ್’. ಇದು ಮುದ್ದಿನ ಪದ, ಹೆಂಗಸರಿಗೆ, ಮಕ್ಕಳಿಗೆ, ಸಣ್ಣಪುಟ್ಟ ಚೆಂದದ ವಸ್ತುಗಳಿಗೆ. ನಮ್ಮ ಬೆಲ್ಲಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ, ಕೇಳೋದಕ್ಕೆ ಸಿಹಿಯಾಗಿದೆ ಅಷ್ಟೆ. ಇದು ‘ಬೋನುಸ್’, ಅಂದರೆ ಒಳ್ಳೆಯ, ಅನ್ನೋ ಪದದ ಪುಟ್ಟ ರೂಪ. ಬೋನುಸ್‌ನ ಹಳೆಯ ರೂಪ ‘ದುಎನೊಸ್’. ಅದನ್ನು ಇವತ್ತಿಗೂ ಕಣ್ಣಲ್ಲಿ ನೋಡಬಹುದು. ರೋಮ್‌ನ ಕ್ವಿರಿನಾಲ್ ಗುಡ್ಡದಲ್ಲಿ 1880ರಲ್ಲಿ ಮೂರು ಕುಡಿಕೆಗಳನ್ನು ಒಟ್ಟಿಗೆ ಅಂಟಿಸಿದಂಥ ಒಂದು ಮಣ್ಣಿನ ಪಾತ್ರೆ ಸಿಕ್ಕಿತು. ಅದರ ಮೈಮೇಲೆ ‘ದುಎನೊಸ್ ನನ್ನನ್ನು ಮಾಡಿದ’ ಅಂತ ಪಾತ್ರೆಯೇ ಮಾತಾಡುವ ಹಾಗೆ ಗೀಚಿದ್ದಾರೆ. ‘ದು’ ಮುಂದೆ ‘ಬ’ ಆಯಿತು. ಯುದ್ಧಕ್ಕಿದ್ದ ‘ದುಎಲ್ಲುಮ್’ ಹೀಗೇ ‘ಬೆಲ್ಲುಮ್’ ಆಗಿದ್ದು. ಅದಕ್ಕೇ ಲ್ಯಾಟಿನ್ ಕಲಿಯುವವರಿಗೆ ಚೆಲುವೂ ಯುದ್ಧವೂ ಅಕ್ಕಪಕ್ಕ ನಿಂತು ಕಾಟ ಕೊಡುತ್ತವೆ.

ಈ ಮೂರರಲ್ಲಿ ಗೌರವದ ಪದ ಪುಲ್ಕೆರ್ ಜನರ ಬಾಯಿಂದ ಪೂರ್ತಿ ಹೋಯಿತು. ಇವತ್ತು ಸ್ಪ್ಯಾನಿಷ್‌ನಲ್ಲಿ ‘ಪುಲ್ಕ್ರೊ’ ಇದೆ, ಅದು ಓದಿದವರು ಪುಸ್ತಕದಿಂದ ಮತ್ತೆ ಎತ್ತಿಕೊಂಡದ್ದು. ಅರ್ಥವೂ ಈಗ ಅಚ್ಚುಕಟ್ಟು, ಶುಚಿ. ಉಳಿದ ಎರಡು ಪದಗಳು ರೋಮ್ ಸಾಮ್ರಾಜ್ಯವನ್ನು ಹಂಚಿಕೊಂಡವು.

ಜನ ಫೋರ್ಮೋಸುಸ್ ಅನ್ನು ನಿಜವಾಗಿ ಬಾಯಲ್ಲಿ ಆಡುತ್ತಿದ್ದರು ಅನ್ನೋದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ‘ಅಪ್ಪೆಂಡಿಕ್ಸ್ ಪ್ರೋಬಿ’ ಅಂತ ಒಂದು ಹಳೆಯ ಪಟ್ಟಿ. ಯಾರೋ ಮೇಷ್ಟ್ರು ಬರೆದಿಟ್ಟದ್ದು, ಹೆಸರು ಗೊತ್ತಿಲ್ಲ. 227 ಪದಗಳಿವೆ. ಎಲ್ಲವೂ ಒಂದೇ ಧಾಟಿ: ಇದು ಸರಿ, ಅದಲ್ಲ. ಅದರಲ್ಲಿ ಒಂದು ಸಾಲು, ‘ಫೋರ್ಮೋಸುಸ್, ಫೋರ್ಮುನ್ಸುಸ್ ಅಲ್ಲ’. ಆ ‘ನ್’ ಎಲ್ಲಿಂದ ಬಂತು? ಅದೇ ಪಟ್ಟಿಯ ಇನ್ನೊಂದು ಸಾಲು ನೋಡಿ, ‘ಮೆನ್ಸ, ಮೆಸ ಅಲ್ಲ’. ಜನ ‘ಸ’ದ ಮುಂದಿನ ‘ನ್’ ಅನ್ನು ನುಂಗಿ ಮೆನ್ಸವನ್ನು ಮೆಸ ಅನ್ನುತ್ತಿದ್ದರು. ಮೇಷ್ಟ್ರು ಬೈದರು. ಬೈಸಿಕೊಂಡವರು ಹೆದರಿಕೆಯಲ್ಲಿ ‘ನ್’ ಇಲ್ಲದ ಕಡೆಯೂ ಒಂದು ‘ನ್’ ಸೇರಿಸಿ ಫೋರ್ಮುನ್ಸುಸ್ ಅಂದರು. ಹಕಾರ ಬಿಟ್ಟು ‘ಆಲು’ ಅನ್ನುವ ಹುಡುಗನಿಗೆ ‘ಹಾಲು ಅನ್ನು’ ಅಂತ ಗದರಿಸಿದರೆ ಅವನು ಆನೆಗೂ ‘ಹಾನೆ’ ಅಂತಾನಲ್ಲ, ಥೇಟ್ ಅದೇ. ಸತ್ತ ಪದವನ್ನು ಯಾರೂ ತಪ್ಪಾಗಿ ಉಚ್ಚರಿಸಲ್ಲ. ತಪ್ಪು ನಡೀತಿದೆ ಅಂದರೆ ಪದ ಬೀದಿಯಲ್ಲಿ ಓಡಾಡುತ್ತಿದೆ ಅಂತಲೇ ಅರ್ಥ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎರಡು ತುದಿಗೆ ಒಂದು ಪದ, ನಡುವೆ ಇನ್ನೊಂದು. ಇದನ್ನು ಹತ್ತಿರದಿಂದ ನೋಡಿದವರಲ್ಲಿ ಮುಖ್ಯರಾದವರು ಇಟಲಿಯ ಭಾಷಾಶಾಸ್ತ್ರಜ್ಞ ಮತ್ತೇಯೊ ಬಾರ್ತೋಲಿ. ಟುರಿನ್‌ನಲ್ಲಿ ಪಾಠ ಹೇಳುತ್ತಿದ್ದರು. ಮುಂದೆ ರಾಜಕೀಯದಲ್ಲಿ ಹೆಸರು ಮಾಡಿದ ಅಂತೋನಿಯೊ ಗ್ರಾಮ್ಶಿ ಇವರ ಶಿಷ್ಯ. ಏಡ್ರಿಯಾಟಿಕ್ ಕಡಲ ತೀರದ ಡಾಲ್ಮೇಷಿಯನ್ ಅನ್ನೋ ಲ್ಯಾಟಿನ್ ಮೂಲದ ಭಾಷೆಯ ಕೊನೆಯ ಮಾತುಗಾರ ತುವೋನೆ ಉದಾಯ್ನ 1898ರಲ್ಲಿ ತೀರಿಕೊಳ್ಳುವ ಮುಂಚೆ, ಆತನ ಬಾಯಿಂದ ಆ ಭಾಷೆಯನ್ನು ಬರೆದಿಟ್ಟುಕೊಂಡವರೂ ಇವರೇ. ಬಾರ್ತೋಲಿ ಹೇಳಿದ್ದು ಇಷ್ಟು: ಒಂದು ಪ್ರದೇಶದ ಎರಡು ಅಂಚುಗಳಲ್ಲಿ ಒಂದೇ ಪದ ಇದ್ದು, ನಡುವೆ ಬೇರೆ ಪದ ಇದ್ದರೆ, ಸಾಮಾನ್ಯವಾಗಿ ಅಂಚಿನದೇ ಹಳೆಯದು. ಹೊಸ ರೂಢಿ ಹುಟ್ಟೋದು ಕೇಂದ್ರದಲ್ಲಿ. ಅಲ್ಲಿಂದ ಸುತ್ತಲೂ ಹರಡುತ್ತದೆ. ಅಂಚಿಗೆ ತಲುಪುವಷ್ಟರಲ್ಲಿ ಅದರ ಶಕ್ತಿ ಮುಗಿದಿರುತ್ತದೆ, ಇಲ್ಲಾ ದಾರಿಯೇ ಕಡಿದುಹೋಗಿರುತ್ತದೆ.

ರುಮೇನಿಯಾದ ವಿಷಯದಲ್ಲಿ ದಾರಿ ಕಡಿದದ್ದು ನಿಜ. ಚಕ್ರವರ್ತಿ ತ್ರಾಜನ್ 106ರಲ್ಲಿ ಡೇಸಿಯಾವನ್ನು, ಅಂದರೆ ಇವತ್ತಿನ ರುಮೇನಿಯಾ ಇರುವ ಕಡೆಯನ್ನು, ಗೆದ್ದ. 270ರ ದಶಕದಲ್ಲಿ ಔರೇಲಿಯನ್ ಅಲ್ಲಿಂದ ಸೈನ್ಯ, ಆಡಳಿತ ಎರಡನ್ನೂ ಡ್ಯಾನ್ಯೂಬ್ ನದಿಯ ದಕ್ಷಿಣಕ್ಕೆ ವಾಪಸ್ ಕರೆಸಿಕೊಂಡ. ಆಮೇಲೆ ಆರು, ಏಳನೇ ಶತಮಾನಗಳಲ್ಲಿ ಸ್ಲಾವ್ ಜನ ಬಾಲ್ಕನ್ ತುಂಬಾ ನೆಲೆ ನಿಂತರು. ಆ ಕಡೆಯ ಲ್ಯಾಟಿನ್‌ಗೂ ಇಟಲಿಗೂ ಇದ್ದ ನಂಟು ಹೋಯಿತು. ಸ್ಪೇನಿನ ಕಥೆ ಬೇರೆ. ರೋಮನ್ನರು ಅಲ್ಲಿಗೆ ಕಾಲಿಟ್ಟದ್ದು ಕ್ರಿ.ಪೂ. 218ರಲ್ಲಿ, ಎಷ್ಟೋ ಮುಂಚೆ. ಅಲ್ಲಿ ನೆಲೆಯೂರಿದ ಲ್ಯಾಟಿನ್ ಹಳೆಯ ಪದಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇಟಲಿ ಮತ್ತು ಗಾಲ್ ಪ್ರದೇಶ, ಅಂದರೆ ಇವತ್ತಿನ ಫ್ರಾನ್ಸ್, ಬೆಲ್ಲುಸ್ ಕಡೆ ವಾಲಿದಾಗ ಈ ಎರಡು ಅಂಚುಗಳು ವಾಲಲಿಲ್ಲ.

ಒಂದೇ ಪದ ಆಗಿದ್ದರೆ ಕಾಕತಾಳೀಯ ಅಂತ ಬಿಡಬಹುದಿತ್ತು. ಆದರೆ ಇದೇ ನಕ್ಷೆ ಮತ್ತೆ ಮತ್ತೆ ಬರುತ್ತದೆ. ಊಟದ ಮೇಜಿಗೆ ಸ್ಪ್ಯಾನಿಷ್‌ನಲ್ಲಿ ‘ಮೇಸ’, ರುಮೇನಿಯನ್ನಿನಲ್ಲಿ ‘ಮಾಸ’. ನಮ್ಮ ಮೇಷ್ಟ್ರು ಬೈದ ಅದೇ ಮೆನ್ಸ! ಇಟಲಿಯಲ್ಲಿ ‘ತಾವೊಲ’, ಫ್ರಾನ್ಸಿನಲ್ಲಿ ‘ತಾಬ್ಲ್’. ಹೆಚ್ಚು ಅನ್ನೋದಕ್ಕೆ ಸ್ಪೇನಿನಲ್ಲಿ ‘ಮಾಸ್’, ರುಮೇನಿಯಾದಲ್ಲಿ ‘ಮಾಯ್’, ನಡುವೆ ‘ಪ್ಯೂ’, ‘ಪ್ಲೂ’. ಕುದಿಯೋದಕ್ಕೆ ಅತ್ತ ‘ಎರ್ವೀರ್’, ಇತ್ತ ‘ಫ್ಯೆರ್ಬೆ’, ನಡುವೆ ‘ಬೊಲ್ಲೀರೆ’, ‘ಬೂಯೀರ್’. ದಿನಕ್ಕೆ ಅತ್ತ ‘ದೀಯ’, ಇತ್ತ ‘ಜೀ’, ನಡುವೆ ‘ಜೋರ್ನೊ’, ‘ಜೂರ್’. ಹೆಗಲು, ಹೆಣ್ಣು ಕುದುರೆ, ಗಿಣ್ಣು (ಚೀಸ್), ಎಲ್ಲದಕ್ಕೂ ಇದೇ ಹಾಡು.

ಆದರೆ ಇದು ನ್ಯೂಟನ್ನನ ನಿಯಮ ಅಲ್ಲ. ಬಾರ್ತೋಲಿಯ ಸೂತ್ರವನ್ನು ಕೆಲವರು ಕಣ್ಣು ಮುಚ್ಚಿ ಎಲ್ಲ ಕಡೆಗೂ ಹಚ್ಚುತ್ತಾರೆ, ನನಗೆ ಅದು ಹಿಡಿಸಲ್ಲ. ಬಿಳಿ ಬಣ್ಣವನ್ನೇ ತಗೊಳ್ಳಿ. ಲ್ಯಾಟಿನ್ನಿನ ‘ಆಲ್ಬುಸ್’ ರುಮೇನಿಯಾದಲ್ಲಿ ‘ಆಲ್ಬ್’ ಆಗಿ ಚೆನ್ನಾಗಿದೆ. ಸ್ಪೇನಿನಲ್ಲಿ ಇರಬೇಕಿತ್ತು, ಅಲ್ವಾ? ಇಲ್ಲ. ಅಲ್ಲಿ ‘ಬ್ಲಾಂಕೊ’. ಅದು ಜರ್ಮನಿಕ್ ಜನರಿಂದ ಬಂದ ಪದ. ಫ್ರಾನ್ಸು, ಇಟಲಿ, ಸ್ಪೇನ್, ಪೋರ್ಚುಗಲ್ ಎಲ್ಲವನ್ನೂ ಹಿಡಿದುಕೊಂಡಿತು. ಆ ಅಲೆ ಪಿರನೀಸ್ ಬೆಟ್ಟ ದಾಟಿತು, ಡ್ಯಾನ್ಯೂಬ್ ಕಡೆಗೆ ಹೋಗಲಿಲ್ಲ. ಇನ್ನೊಂದು ವಿಷಯ. ಬೆಲ್ಲುಸ್ ಅನ್ನೋದು ಆಮೇಲೆ ಹುಟ್ಟಿದ ಪದವೇನೂ ಅಲ್ಲ. ಕ್ರಿಸ್ತಪೂರ್ವದ ನಾಟಕಕಾರ ಪ್ಲೌತುಸ್‌ನ ಕಾಲಕ್ಕೇ ಇತ್ತು. ಹೊಸದು ಪದ ಅಲ್ಲ, ಅದಕ್ಕೆ ಸಿಕ್ಕ ಬಡ್ತಿ. ಮಕ್ಕಳಿಗೆ ಮುದ್ದಾಗಿ ಹೇಳುತ್ತಿದ್ದ ಮಾತು ನಡುಪ್ರದೇಶದಲ್ಲಿ ಎಲ್ಲ ಚೆಲುವಿಗೂ ಯಜಮಾನ ಆಯಿತು.

ಸ್ಪ್ಯಾನಿಷ್ ಕಲಿಯುವವರು ಫೋರ್ಮೋಸುಸ್‌ಗೂ ಎರ್ಮೋಸೊಗೂ ನಡುವಿನ ‘ಫ’ ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತಾರೆ. ಕನ್ನಡದವರಿಗೆ ಇದು ಸುಲಭ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು. ತುಟಿಯಿಂದ ಹುಟ್ಟುವ ಸದ್ದು ಸಡಿಲಾಗಿ ಬರೀ ಉಸಿರಾಯಿತು. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಆ ಉಸಿರೂ ಹೋಗಿ ಆಲು, ಊವು, ಅಲ್ಲು ಅಂತಲೇ ಕೇಳುತ್ತದೆ. ಸ್ಪ್ಯಾನಿಷ್ ಇದೇ ಮೆಟ್ಟಿಲು ಇಳಿದಿದೆ. ಫೋರ್ಮೋಸುಸ್ ಮೊದಲು ‘ಫೆರ್ಮೋಸೊ’ ಆಯಿತು, ಆಮೇಲೆ ‘ಹೆರ್ಮೋಸೊ’, ಕೊನೆಗೆ ‘ಎರ್ಮೋಸೊ’. ಬರೆಯುವಾಗ ಮಾತ್ರ ಹಕಾರದ ಅಕ್ಷರ ಇವತ್ತೂ ಮುಂದೆ ಕೂತಿದೆ, ಓದುವಾಗ ಅದಕ್ಕೆ ಸದ್ದಿಲ್ಲ. ಲ್ಯಾಟಿನ್ನಿನ ‘ಫೀಲಿಯುಸ್’, ಅಂದರೆ ಮಗ, ಸ್ಪ್ಯಾನಿಷ್‌ನಲ್ಲಿ ‘ಈಹೊ’. ಹಿಟ್ಟಿನ ‘ಫರೀನ’ ‘ಅರೀನ’. ಎಲೆಯ ‘ಫೋಲಿಯ’ ‘ಓಹ’. ಎಲ್ಲಾ ‘ಫ’ಗಳೂ ಹೋಗಲಿಲ್ಲ. ಬೆಂಕಿಗೆ ‘ಫ್ವೇಗೊ’, ಚಳಿಗೆ ‘ಫ್ರೀಯೊ’ ಹಾಗೇ ಇವೆ. ಪಕ್ಕದ ಪೋರ್ಚುಗೀಸ್, ಗಲೀಸಿಯನ್ ಈ ದಾರಿ ಹಿಡಿಯಲೇ ಇಲ್ಲ.

1605ರಲ್ಲಿ ಬಂದ ಸೆರ್ವಾಂತೆಸ್‌ನ ‘ದೊನ್ ಕಿಹೋತೆ’ ಕಾದಂಬರಿಯಲ್ಲಿ ಇದರ ತಮಾಷೆ ಇದೆ. ಆ ಹೊತ್ತಿಗೆ ‘ಫ’ಕಾರದ ರೂಪ ಜನರ ಬಾಯಲ್ಲಿ ಹಳತಾಗಿತ್ತು. ನಮ್ಮ ನಾಯಕರು ಹಳೆಯ ವೀರರ ಕಥೆ ಓದಿ ಓದಿ ತಲೆ ಕೆಡಿಸಿಕೊಂಡವರು. ಅದಕ್ಕೇ ಅವರ ಬಾಯಲ್ಲಿ ಮತ್ತೆ ‘ಫೆರ್ಮೋಸ’, ‘ಫೆರ್ಮೊಸೂರ’. ಇವತ್ತು ಯಾರಾದರೂ ಡೈರಿಗೆ ಹೋಗಿ ‘ಅರ್ಧ ಲೀಟರ್ ಪಾಲ್ ಕೊಡಿ’ ಅಂದ ಹಾಗೆ. ಅನುವಾದದಲ್ಲಿ ಈ ನಗು ಅರ್ಧಕ್ಕರ್ಧ ಸೋರಿಹೋಗುತ್ತದೆ.

ಇನ್ನು ಫ್ರುಮೋಸ್. ಇಲ್ಲಿ ‘ಫ’ ಗಟ್ಟಿಯಾಗಿದೆ, ಆದರೆ ‘ರ್’ ಜಾಗ ಬದಲಾಯಿಸಿದೆ. ಒತ್ತಿಲ್ಲದ ‘ಒ’ ಈ ಭಾಷೆಯಲ್ಲಿ ‘ಉ’ ಆಗುತ್ತದೆ. ಅದರ ಜೊತೆಗೆ ‘ರ್’ ಸ್ವರದ ಹಿಂದಿನಿಂದ ಮುಂದಕ್ಕೆ ಹಾರಿತು, ‘ಫೊರ್’ ಹೋಗಿ ‘ಫ್ರು’ ಆಯಿತು. ನಾವು ಡೆಸ್ಕ್ ಅನ್ನು ಡೆಕ್ಸ್ ಅನ್ನಲ್ವಾ, ಹಾಗೆ. ಸ್ತ್ರೀಲಿಂಗದಲ್ಲಿ ಇದು ‘ಫ್ರುಮ್ವಾಸ’. ಕೊನೆಗೆ ‘ಅ’ ಬಂದರೆ ನಡುವಿನ ‘ಒ’ ಒಡೆದು ‘ವಾ’ ಆಗೋದು ಆ ಭಾಷೆಯ ಸ್ವಭಾವ. ಅವರ ಜನಪದ ಕಥೆಗಳ ರಾಜಕುಮಾರನ ಹೆಸರೇ ‘ಫತ್-ಫ್ರುಮೋಸ್’, ಚೆಲುವ ಕುವರ.

ಇದೇ ‘ರ್’ ಹಾರಾಟ ಫ್ರಾನ್ಸಿನಲ್ಲೂ ನಡೆದಿದೆ, ಅದೂ ಇದೇ ‘ಫೋರ್ಮ’ದ ಮೇಲೆ. ಗಿಣ್ಣನ್ನು, ಅಂದರೆ ಚೀಸನ್ನು, ಅಚ್ಚಿನಲ್ಲಿ ಹಾಕಿ ಆಕಾರ ಕೊಡುತ್ತಾರೆ. ಅಚ್ಚಿಗೂ ಲ್ಯಾಟಿನ್ನಿನಲ್ಲಿ ‘ಫೋರ್ಮ’. ಅದರಿಂದ ಅಚ್ಚಿನ ಗಿಣ್ಣು ಇಟಲಿಯಲ್ಲಿ ‘ಫೊರ್ಮಾಜ್ಜೊ’ ಆಯಿತು. ಹಳೆಯ ಫ್ರೆಂಚಿನಲ್ಲಿ ‘ಫೊರ್ಮಾಜ್’ ಇತ್ತು, ‘ರ್’ ಹಾರಿ ‘ಫ್ರೊಮಾಜ್’ ಆಯಿತು. ಅಂದರೆ ಪ್ಯಾರಿಸ್‌ನ ಅಂಗಡಿಯ ಚೀಸ್‌ಗೂ ಬುಕಾರೆಸ್ಟಿನ ಚೆಲುವೆಗೂ ಹುಟ್ಟೂರು ಒಂದೇ, ಅಡ್ಡಹೆಸರು ಬದಲಾದ ರೀತಿಯೂ ಒಂದೇ. ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟದ ಭಾಗ ಇದು.

ಫ್ರೆಂಚಿನ ‘ಬೋ’ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದು ಬೆಲ್ಲುಸ್‌ನಿಂದಲೇ ಬಂದದ್ದು. ವ್ಯಂಜನದ ಮುಂದೆ ಬಂದ ‘ಲ್’ ಕರಗಿ ಸ್ವರವಾಯಿತು, ಉಳಿದ ಕಡೆ ನಿಂತಿತು. ಅದಕ್ಕೇ ಸ್ವರದಿಂದ ಶುರುವಾಗುವ ಪುಲ್ಲಿಂಗ ಪದದ ಮುಂದೆ ಇವತ್ತಿಗೂ ‘ಬೆಲ್’ ಅನ್ನಬೇಕು, ಹೆಣ್ಣಿಗೂ ‘ಬೆಲ್’.

ಫೋರ್ಮೋಸುಸ್ ಹೆಸರಿನ ಒಬ್ಬ ಪೋಪ್ ಕೂಡ ಇದ್ದರು, 891ರಿಂದ 896ರವರೆಗೆ. ಹೆಸರು ಚೆಲುವ ಅಂತ, ಪಾಡು ಮಾತ್ರ ಬೇಡ. ತೀರಿಕೊಂಡ ಮೇಲೆ 897ರಲ್ಲಿ ಮುಂದಿನ ಪೋಪ್‌ಗಳಲ್ಲೊಬ್ಬರಾದ ಆರನೇ ಸ್ಟೀಫನ್ ಹೆಣವನ್ನು ಗೋರಿಯಿಂದ ತೆಗೆಸಿ, ಪೋಪ್ ವಸ್ತ್ರ ತೊಡಿಸಿ, ಪೀಠದ ಮೇಲೆ ಕೂರಿಸಿ ವಿಚಾರಣೆ ನಡೆಸಿದರು. ತಪ್ಪಿತಸ್ಥ ಅಂತ ತೀರ್ಪಾಯಿತು, ಬಲಗೈಯ ಮೂರು ಬೆರಳು ಕತ್ತರಿಸಿದರು. 1464ರಲ್ಲಿ ಪೋಪ್ ಆಗಿ ಆಯ್ಕೆಯಾದ ಪಿಯೆತ್ರೊ ಬಾರ್ಬೊ ಎರಡನೇ ಫೋರ್ಮೋಸುಸ್ ಅಂತ ಹೆಸರಿಟ್ಟುಕೊಳ್ಳುವ ಯೋಚನೆಯಲ್ಲಿದ್ದರು. ಕಾರ್ಡಿನಲ್‌ಗಳು ಬೇಡ ಅಂತ ತಡೆದರು. ನೋಡೋದಕ್ಕೆ ಚೆನ್ನಾಗಿದ್ದ ಮನುಷ್ಯ, ಜಂಬ ಅಂದುಕೊಂಡಾರು ಅಂತ. ಕೊನೆಗೆ ಎರಡನೇ ಪಾಲ್ ಆದರು.

ತೈವಾನ್ ವಿಷಯ. 16ನೇ ಶತಮಾನದಲ್ಲಿ ಆ ಕಡೆ ಹಡಗು ನಡೆಸುತ್ತಿದ್ದ ಪೋರ್ಚುಗೀಸರು ಅದನ್ನು ‘ಇಲ್ಯಾ ಫೊರ್ಮೋಸ’, ಚೆಂದದ ದ್ವೀಪ, ಅಂದರು. ಹೆಸರಿಟ್ಟವರು ಅಲ್ಲಿ ರಾಜ್ಯ ಕಟ್ಟಲಿಲ್ಲ. 1624ರಿಂದ 1662ರವರೆಗೆ ಡಚ್ಚರು ನೆಲೆ ಮಾಡಿಕೊಂಡಿದ್ದರು, ಅವರೂ ಅದೇ ಹೆಸರು ಮುಂದುವರಿಸಿದರು. ಯುರೋಪಿನ ನಕ್ಷೆಗಳಲ್ಲಿ 20ನೇ ಶತಮಾನದವರೆಗೂ ಅದು ನಿಂತಿತು. ಅರ್ಜೆಂಟೀನಾದಲ್ಲಿ ಒಂದು ಫೊರ್ಮೋಸ ಪ್ರಾಂತ್ಯ ಇದೆ, ಬ್ರೆಜಿಲ್‌ನಲ್ಲಿ ಒಂದು ಫೊರ್ಮೋಸ ಊರಿದೆ. ಪೋರ್ಚುಗಲ್‌ನ ದಕ್ಷಿಣ ತೀರದ ಹಿನ್ನೀರಿಗೂ ‘ರಿಯಾ ಫೊರ್ಮೋಸ’ ಅಂತಲೇ ಹೆಸರು.

ಕೊನೆಯದಾಗಿ ಬಳಕೆ. ಸ್ಪ್ಯಾನಿಷ್‌ನಲ್ಲಿ ಎರ್ಮೋಸೊ ತಪ್ಪಲ್ಲ, ಆದರೆ ದಿನದ ಮಾತಿಗೆ ಸ್ವಲ್ಪ ಎತ್ತರದ ಪದ. ಸೂರ್ಯಾಸ್ತಕ್ಕೆ, ಒಳ್ಳೆಯ ಪತ್ರಕ್ಕೆ ಹೊಂದುತ್ತದೆ. ಮೈಕೈ ತುಂಬಿಕೊಂಡ ಮಗುವಿಗೂ ಸ್ಪೇನಿನಲ್ಲಿ ಎರ್ಮೋಸೊ ಅಂತಾರೆ, ವರ್ಜಿಲ್‌ನ ಕಡಸು ನೆನಪಾಗುತ್ತದೆ. ಸುಮ್ನೆ ಒಂದು ಅಂಗಿ ಚೆನ್ನಾಗಿದೆ ಅನ್ನೋದಕ್ಕೆ ‘ಬೊನೀತೊ’ ಸಾಕು. ಜನರಿಗೆ ಸ್ಪೇನಿನಲ್ಲಿ ‘ಗ್ವಾಪೊ’, ‘ಗ್ವಾಪ’, ಲ್ಯಾಟಿನ್ ಅಮೆರಿಕದಲ್ಲಿ ‘ಲಿಂದೊ’ ಜಾಸ್ತಿ. ಬೊನೀತೊ ಹುಟ್ಟಿದ್ದು ‘ಒಳ್ಳೆಯ’ ಅನ್ನೋ ಪದದ ಪುಟ್ಟ ರೂಪವಾಗಿ. ಎರಡು ಸಾವಿರ ವರ್ಷದ ಹಿಂದೆ ಬೆಲ್ಲುಸ್ ಹಿಡಿದ ದಾರಿಯನ್ನೇ ಇದೂ ಹಿಡಿದಿದೆ. ಪೋರ್ಚುಗೀಸಿನಲ್ಲಿ ಫೊರ್ಮೋಸೊ ಈಗ ಪದ್ಯದ ಪದ. ಬೀದಿಯಲ್ಲಿ ‘ಬೊನೀತು’, ‘ಲಿಂದು’ ಅನ್ನಿ.

ರುಮೇನಿಯಾದವರ ಹತ್ತಿರ ಈ ಯೋಚನೆಯೇ ಬೇಡ. ಹುಡುಗಿ, ಹಾಡು, ಮನೆ, ಹೊರಗಿನ ಹವಾ, ಎಲ್ಲದಕ್ಕೂ ಫ್ರುಮೋಸ್ ನಡೆಯುತ್ತದೆ. ಒರಟಾಗಿ ಮಾತಾಡುವ ಮಗುವಿಗೆ ಅಮ್ಮ ‘ವೊರ್ಬೆಷ್ತೆ ಫ್ರುಮೋಸ್’ ಅಂತಾಳೆ, ನೆಟ್ಟಗೆ ಮಾತಾಡು ಅಂತ. ಇಟಲಿಯಲ್ಲಿ ಮಾತ್ರ ಎಚ್ಚರ. ಅಲ್ಲೂ ಈ ಪದ ಪೂರ್ತಿ ಸತ್ತಿಲ್ಲ, ‘ಫೊರ್ಮೋಸ’ ಅಂತ ಇದೆ. ಆದರೆ ಅರ್ಥ ಮೈ ತುಂಬಿಕೊಂಡ, ಉಬ್ಬುತಗ್ಗು ಎದ್ದು ಕಾಣುವ ಹೆಂಗಸು ಅಂತ. ಸ್ಪ್ಯಾನಿಷ್ ಬರುತ್ತೆ ಅನ್ನೋ ಧೈರ್ಯದಲ್ಲಿ ಯಾರಿಗೂ ಹೇಳೋಕೆ ಹೋಗಬೇಡಿ, ‘ಬೆಲ್ಲ’ ಅಂದುಬಿಡಿ.